ನೂರಾ ನಲವತ್ತು ಸುತ್ತು, ಮೂವತ್ತೇಳು ಗೇಜ್

ಹಿರೇಕೆರೂರು
೧೮ ಜೂನ್ ೨೦೨೪

ಖಲಂದರ ಮಿಸ್ತ್ರಿಯವರಿಗೆ ನಮಸ್ಕಾರ.

ನಾನು ತನುಜಾ. ಇಲ್ಲಿನ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ಡಬ್ಬಿಯೊಳಗೆ ಹೆಬ್ಬೆರಳಿನಷ್ಟು ದಪ್ಪದ ಒಂದು ಸುಟ್ಟ ಮೋಟರ್ ಇದೆ. ನೋಡಿ ನಗಬೇಡಿ, ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಕೊಡುವ ಇಲ್ಲಿನ ಮೂರು ಅಂಗಡಿಯವರು ಈಗಾಗಲೇ ನಕ್ಕು ಮುಗಿಸಿದ್ದಾರೆ. "ಅಕ್ಕೋರ, ಐದು ಎಚ್‌ಪಿ ಪಂಪ್ ಇದ್ರ ತರ್ರಿ. ಆಟಿಗಿ ಸಾಮಾನು ಹಿಡ್ಕೊಂಡು ತಿರಗಾಕತ್ತೀರಲ್ಲ, ಸಾಲಿ ಸೂಟಿ ಐತೇನು?" ಅಂದರು. ಮೂರನೆಯವನು ಮಾತ್ರ ನಗು ನಿಂತ ಮೇಲೆ, "ಇಷ್ಟು ಸಣ್ಣದ್ದು ಸುತ್ತಿದ್ರ ಸವಣೂರಿನ ಖಲಂದರನ ಸುತ್ತಬೇಕು. ಅವನ ಕೈ ಸೂಜಿ ಇದ್ದಂಗ" ಎಂದು ನಿಮ್ಮ ಫೋನ್ ನಂಬರ್ ಕೊಟ್ಟ.

ಒಂದು ದಾನಿ ಸಂಸ್ಥೆಯವರು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕಿನ ಶಾಲೆಗಳಿಗೆ ಆಟಿಕೆ ಇಟ್ಟಿಗೆಯ ಪೆಟ್ಟಿಗೆ ಹಂಚಿದರು. ಒಂದರ ಮೇಲೊಂದು ಒತ್ತಿ ಕೂಡಿಸುವ ಪ್ಲಾಸ್ಟಿಕ್ ಇಟ್ಟಿಗೆ. ಗಂಡುಮಕ್ಕಳ ಶಾಲೆಯ ಪೆಟ್ಟಿಗೆಯಲ್ಲಿ ರೈಲು, ಹಳಿ, ಮೋಟರ್. ನಮ್ಮ ಪೆಟ್ಟಿಗೆಯಲ್ಲಿ ಅಡುಗೆಮನೆ, ಹೂದೋಟ, ಕೂಸಿನ ಗಾಡಿ! ಎಲ್ಲ ಗುಲಾಬಿ ಬಣ್ಣ. ಫೋನ್ ಮಾಡಿ ಜಗಳ ತೆಗೆದೆ. "ಮೇಡಂ, ಹೆಣ್ಣುಮಕ್ಕಳಿಗೆ ಏನು ಇಷ್ಟ ಅಂತ ಸರ್ವೇ ಮಾಡಿಯೇ ಕೊಟ್ಟಿದ್ದು" ಎಂದರು. ಯಾರ ಮನೆಯ ಹೆಣ್ಣುಮಕ್ಕಳನ್ನು ಕೇಳಿದರೋ!

ನಮ್ಮ ಹುಡುಗಿಯರು ಆ ಅಡುಗೆಮನೆಯನ್ನು ಕಿತ್ತು ರೈಲು ಕಟ್ಟಿದ್ದಾರೆ. ಒಲೆಯ ಬರ್ನರ್ ಎಂಜಿನ್ನಿನ ದೀಪ, ಕೂಸಿನ ಗಾಡಿಯ ಚಕ್ರವೇ ರೈಲಿನ ಚಕ್ರ, ತೋಟದ ಬೇಲಿಯೇ ಹಳಿ. ಹತ್ತನೇ ತರಗತಿಯ ರಂಜನಾ ಅಂತ ಇದ್ದಾಳೆ, ಹಾನಗಲ್ಲ ಕಡೆಯ ಆಡೂರಿನವಳು, ಇಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಅವಳೇ ಶುರು ಮಾಡಿದ್ದು: "ಅಕ್ಕೋರ, ನಮ್ಮೂರಿಗೆ ರೈಲು ಬರೂತನಾ ಕಾದ್ರ ಮುದುಕ್ಯಾರಾಗ್ತೇವಿ. ನಾವ ಕಟ್ಟೂಣ."

ಕಟ್ಟಿದ್ದು ಓಡಬೇಕಲ್ಲ? ಹಳೆಯ ಟೇಪ್‌ರೆಕಾರ್ಡರಿನ ಮೋಟರ್ ಹಾಕಿದೆವು. ಬಾಣದಂತೆ ಓಡಿ ತಿರುವಿನಲ್ಲಿ ಹಾರಿಬಿತ್ತು. ಆಮೇಲೆ ಯಾರೋ ಟಿ.ವಿ. ಡಬ್ಬಿಯ ಅಡಾಪ್ಟರ್ ಚುಚ್ಚಿದರು, ಹೊಗೆ ಬಂತು. ನಮಗೆ ಬೇಕಾದ್ದು ನಿಧಾನ ಓಡುವ, ಆದರೆ ಎಳೆಯುವ ಮೋಟರ್. ಸೆಪ್ಟೆಂಬರಿನಲ್ಲಿ ಶಿಗ್ಗಾಂವಿಯಲ್ಲಿ ಸಂಸ್ಥೆಯವರದೇ ಪ್ರದರ್ಶನವಿದೆ. ಗಂಡುಮಕ್ಕಳ ರೈಲಿನ ಪಕ್ಕದಲ್ಲೇ ನಮ್ಮ ಗುಲಾಬಿ ರೈಲು ಓಡಬೇಕೆಂದು ನಮ್ಮ ಹಟ.

ನಿಮ್ಮ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು "ಪಂಪ್ ಏನ್ರಿ? ಅಲ್ಲಾ? ಹಂಗಾರ ಇಡ್ರಿ" ಎಂದು ಇಟ್ಟರು. ಅದಕ್ಕೇ ಈ ಚೀಟಿ. ಹಾನಗಲ್ಲ, ಶಿಗ್ಗಾಂವಿ ಮೇಲೆ ಸವಣೂರಿಗೆ ಬರುವ ಬಸ್ಸಿನ ಕಂಡಕ್ಟರ್ ಅಜ್ಜಪ್ಪನವರು ಡಬ್ಬಿ ಮುಟ್ಟಿಸುತ್ತಾರೆ.

ತನುಜಾ

●

ಸವಣೂರು
೨೬ ಜೂನ್ ೨೦೨೪

ಟೀಚರ್ ಅವರಿಗೆ.

ಮೋಟರ್ ತಾನಾಗಿ ಸುಟ್ಟಿರಲಿಲ್ಲ, ಯಾರೋ ಸುಟ್ಟಿದ್ದರು. ಆರು ವೋಲ್ಟಿನದಕ್ಕೆ ಹನ್ನೆರಡು ಕೊಟ್ಟವರ ಕಿವಿ ಹಿಂಡಿ.

ಒಳಗೆ ತಂತಿ ಸುತ್ತುವ ಮೂರು ಕಬ್ಬಿಣದ ಹಲ್ಲಿಗೂ ಮೊದಲು ಎಂಬತ್ತೆಂಬತ್ತು ಸುತ್ತು ಇತ್ತು, ತಂತಿ ಮೂವತ್ನಾಲ್ಕು ಗೇಜ್. ಈಗ ನೂರಾ ನಲವತ್ತು ಸುತ್ತಿದೆ, ತಂತಿ ಮೂವತ್ತೇಳು. ಗೇಜ್ ಏರಿದಷ್ಟು ತಂತಿ ಸಣ್ಣ, ತಂತಿ ಸಣ್ಣದಾದಷ್ಟು ಸುತ್ತು ಹೆಚ್ಚು ಕೂಡುತ್ತದೆ, ಸುತ್ತು ಹೆಚ್ಚಿದಷ್ಟು ಓಟ ತಗ್ಗುತ್ತದೆ. ಎಳೆತ ಬೇಕಾದರೆ ಮೋಟರಿಗೆ ಸಣ್ಣ ಹಲ್ಲುಚಕ್ರ, ಗಾಲಿಗೆ ದೊಡ್ಡ ಹಲ್ಲುಚಕ್ರ ಹಾಕಿ. ನಾಲ್ಕು ಪೆನ್ಸಿಲ್ ಸೆಲ್ ಸಾಕು. ಅಡಾಪ್ಟರ್ ಮುಟ್ಟಬೇಡಿ.

ಖಲಂದರ ರಿವೈಂಡಿಂಗ್

●

ಹಿರೇಕೆರೂರು
೯ ಜುಲೈ ೨೦೨೪

ಖಲಂದರ ಮಿಸ್ತ್ರಿಯವರೇ,

ಓಡಿತು! ಎಷ್ಟು ಗಂಭೀರವಾಗಿ ಓಡಿತೆಂದರೆ ಹುಡುಗಿಯರು ಎದ್ದು ನಿಂತು ದಾರಿ ಬಿಟ್ಟರು. ಇನ್ನು ಒಂದೇ ತೊಂದರೆ. ನಾಲ್ಕು ಬೆಂಚು ಜೋಡಿಸಿ ನಾಲ್ಕು ತಾಲೂಕು ಮಾಡಿದ್ದೇವೆ. ಹಾನಗಲ್ಲಿನ ಬೆಂಚು ಎತ್ತರ. ಅಲ್ಲಿನ ಏರಿನಲ್ಲಿ ಚಕ್ರ ಗಿರಗಿರ ತಿರುಗುತ್ತದೆ, ರೈಲು ಮುಂದಕ್ಕೆ ಹೋಗುವುದಿಲ್ಲ.

ಮಿಸ್ತ್ರಿಗಳೇ, ಬಿಡುವಿದ್ದರೆ ಒಮ್ಮೆ ಬನ್ನಿ. ಮೋಟರ್ ಬಿಚ್ಚು ಎಂದರೆ ನಮ್ಮ ಹುಡುಗಿಯರು ಹಿಂದೆ ಸರಿಯುತ್ತಾರೆ. ನಿಮ್ಮಂಥ ಅಣ್ಣನೊಬ್ಬ ಎದುರು ನಿಂತು ಹೇಳಿಕೊಟ್ಟರೆ ಅಂಜಿಕೆ ಹೋದೀತು. ಗಂಡಸರ ಕೈಯ ಈ ಕಸಬನ್ನು ಅವರೂ ಕಣ್ಣಾರೆ ನೋಡಲಿ.

ತನುಜಾ

●

ಸವಣೂರು
೧೭ ಜುಲೈ ೨೦೨೪

ತನುಜಾ ಅಕ್ಕೋರಿಗೆ ಸಲಾಂ.

ನಿಮ್ಮ ಚೀಟಿ ಓದಿ ಸಿಟ್ಟು ಬಂತು. ಎರಡು ದಿನ ತಡೆದೆ. ಹೋಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಅಣ್ಣನಲ್ಲ. ನನ್ನ ಹೆಸರು ಶಾಕೀರಾ. ಖಲಂದರ ನನ್ನ ಗಂಡ. ನಿಮ್ಮ ಮೋಟರ್ ಸುತ್ತಿದ್ದು ನಾನು. ಹೋದ ಸಲದ ಚೀಟಿ ಬರೆದದ್ದೂ ನಾನು, ಕೆಳಗೆ ಅಂಗಡಿಯ ಹೆಸರು ಹಾಕಿದ್ದೂ ನಾನೇ. ಗಂಡಸರ ಕೈಯ ಕಸಬಂತೆ! ಹನ್ನೊಂದು ವರ್ಷದಿಂದ ಈ ಅಂಗಡಿಯಿಂದ ಹೊರಬಿದ್ದ ಒಂದೇ ಒಂದು ಮೋಟರಿಗೆ ಗಂಡಸಿನ ಕೈಯ ಸುತ್ತು ಇಲ್ಲ.

ನಮ್ಮದು ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ನಮ್ಮವರು ಮುಂದೆ ಕುಳಿತು ಮೋಟರ್ ಬಿಚ್ಚುತ್ತಾರೆ, ಸುಟ್ಟ ತಂತಿ ಕೀಳುತ್ತಾರೆ, ಬೇರಿಂಗ್ ಕೂಡಿಸುತ್ತಾರೆ, ಗಿರಾಕಿಗಳ ಕೂಡ ಚಹಾ ಕುಡಿಯುತ್ತಾರೆ. ಸುತ್ತುವುದು ಬಾಗಿಲಿನ ಈಚೆ. ಮೊದಲು ನನ್ನ ಅತ್ತೆ ಚಮನಬಿ ಸುತ್ತುತ್ತಿದ್ದರು. ಅವರೇ ನನಗೆ ಕಲಿಸಿದರು. ಸುತ್ತಿದ ಮೇಲೆ ಮೋಟರಿನ ಕವಚದ ಒಳಗೆ ಮೊಳೆಯಿಂದ ಸುತ್ತು, ಗೇಜ್, ತಾರೀಖು, ಮಿಸ್ತ್ರಿಯ ಹೆಸರು ಗೀಚುವುದು ಕಸಬಿನ ರೂಢಿ. ಮುಂದೆ ಯಾವಾಗಲಾದರೂ ಸುಟ್ಟರೆ ಬಿಚ್ಚಿದವರಿಗೆ ಗೊತ್ತಾಗಬೇಕಲ್ಲ. ಸುತ್ತು ನನ್ನದು, ಗೇಜ್ ಆರಿಸಿದವಳು ನಾನು, ಗೀಚುವ ಹೆಸರು ಖಲಂದರ. ಅತ್ತೆ ಹೇಳುತ್ತಾರೆ: "ನಾ ಸುತ್ತಿದ್ದು ಮಾವನ ಹೆಸರ್ಲೆ ನೀರೆತ್ತಿತು, ಗಂಡನ ಹೆಸರ್ಲೆ ಎತ್ತಿತು. ನೀ ಸುತ್ತಿದ್ದು ನನ್ನ ಮಗನ ಹೆಸರ್ಲೆ ಎತ್ತಾಕತ್ತೇತಿ. ನೀರಿಗೆ ಏನ್ ಗೊತ್ತಾಗತೈತಿ ಬಿಡ."

ನೀರಿಗೆ ಗೊತ್ತಾಗುವುದಿಲ್ಲ. ನನಗೆ ಗೊತ್ತಾಗುತ್ತದೆ.

ನಿಮ್ಮಿಂದ ಒಂದು ಕೆಲಸ ಆಗಬೇಕು. ಶಿಗ್ಗಾಂವಿಯಲ್ಲಿ ರೈಲಿನ ಮುಂದೆ ಕಾರ್ಡು ಇಡುತ್ತೀರಲ್ಲ, ಅದರಲ್ಲಿ ಹೀಗೆ ಬರೆಯಿರಿ: "ಮೋಟರ್ ಸುತ್ತಿದವರು ಶಾಕೀರಾ, ಸವಣೂರು. ನೂರಾ ನಲವತ್ತು ಸುತ್ತು, ಮೂವತ್ತೇಳು ಗೇಜ್." ಇಷ್ಟೇ. ಒಂದಕ್ಷರ ಹೆಚ್ಚು ಬೇಡ, ಒಂದಕ್ಷರ ಕಡಿಮೆ ಬೇಡ. ನಮ್ಮವರನ್ನೂ ಕೇಳಿದೆ. ತಲೆ ಕೆರೆದುಕೊಂಡು, "ಬರೀಲಿ ಬಿಡು. ಆಟಿಗಿ ರೈಲಿನ ಕಾರ್ಡು ಓದಾಕ ಇಲ್ಲಿಂದ ಯಾಂವ ಹೋಗ್ತಾನ?" ಎಂದರು.

ಏರಿನ ವಿಷಯ: ಎಂಜಿನ್ ಹಗುರ ಆಗಿದೆ. ಡಬ್ಬಿಯಲ್ಲಿ ಹಳೇ ಬೇರಿಂಗಿನ ಗುಂಡು ಹಾಕಿದ್ದೇನೆ, ಎಂಜಿನ್ನಿನ ಒಳಗೆ ತುಂಬಿ. ಸೈಕಲ್ ಟ್ಯೂಬಿನಿಂದ ಬಳೆಯ ಹಾಗೆ ಪಟ್ಟಿ ಕತ್ತರಿಸಿ ಚಕ್ರಕ್ಕೆ ಏರಿಸಿ. ಹಿಡಿಯುತ್ತದೆ.

ಶಾಕೀರಾ

●

ಹಿರೇಕೆರೂರು
೨ ಆಗಸ್ಟ್ ೨೦೨೪

ಪ್ರೀತಿಯ ಸಹೋದರಿ ಶಾಕೀರಾ,

ನಾಚಿಕೆಯಿಂದ ಬರೆಯುತ್ತಿದ್ದೇನೆ. ಕಾಲೇಜಿನ ದಿನಗಳಿಂದ ಬೀದಿನಾಟಕ ಆಡಿದವಳು ನಾನು, ಹೆಣ್ಣಿನ ದುಡಿಮೆಗೆ ಹೆಸರಿಲ್ಲ ಎಂದು ಸಂತೆಯಲ್ಲಿ ತಮಟೆ ಬಡಿದು ಕೂಗಿದವಳು. ಅಂಥವಳ ಲೇಖನಿಯೇ "ಗಂಡಸರ ಕೈಯ ಕಸಬು" ಎಂದು ಬರೆಯಿತು. ಬೈದದ್ದು ಸರಿ.

ನಿಮ್ಮ ಪತ್ರ ಓದಿದಾಗಿನಿಂದ ನಿಮ್ಮದೇ ಚಿತ್ರ ಕಣ್ಣಮುಂದೆ. ಆ ಬಾಗಿಲು. ಬಾಗಿಲ ಹಿಂದಿನ ಕೋಣೆ. ನಿಮ್ಮನ್ನು ಹೊರಗೆ ಬಿಡುತ್ತಾರೆಯೇ? ಫೋನ್ ಯಾಕೆ ಕೊಟ್ಟಿಲ್ಲ? ಅತ್ತೆ ಗದರುತ್ತಾರೆಯೇ? ಏನಿದ್ದರೂ ನನಗೆ ಬರೆಯಿರಿ, ನಾನಿದ್ದೇನೆ. ನಮ್ಮ ಮಹಿಳಾ ಸಂಘಟನೆಯ ಗೆಳತಿಯರಿದ್ದಾರೆ.

ಕಾರ್ಡು ಖಂಡಿತ ಬರೆಯುತ್ತೇನೆ. ಜನ ನಿಂತು ಓದುವ ಹಾಗೆ ಬರೆಯುತ್ತೇನೆ. ರೈಲು ಏರು ಹತ್ತಿತು. ಮುಖ್ಯೋಪಾಧ್ಯಾಯ ಪರಮೇಶಪ್ಪನವರಿಗೂ ತುಂಬ ಉತ್ಸಾಹ ಬಂದಿದೆ. ಜೂನಿನಲ್ಲಿ "ಇದೆಲ್ಲಾ ಹುಡುಗಾಟ" ಎಂದವರು ಈಗ ದಿನಕ್ಕೆರಡು ಸಲ ಬಂದು ನೋಡುತ್ತಾರೆ. ಇನ್ನೊಂದು ಮೋಟರ್ ಹೆಚ್ಚಿಗೆ ಇದ್ದರೆ ಧೈರ್ಯ.

ನಿಮ್ಮ ತನುಜಾ

●

ಸವಣೂರು
೧೪ ಆಗಸ್ಟ್ ೨೦೨೪

ಅಕ್ಕೋರ,

ಎರಡನೆಯ ಮೋಟರ್ ಕಳಿಸಿದ್ದೇನೆ. ಅದೇ ಸುತ್ತು, ಅದೇ ಗೇಜ್. ತಂತಿಗೆ ಹಚ್ಚಿದ ವಾರ್ನಿಷ್ ಒಣಗಿದೆ, ಆದರೂ ಎರಡು ದಿನ ಬಿಸಿಲಿಗಿಟ್ಟು ಹಾಕಿ.

ಹೊರಗೆ ಬಿಡುತ್ತಾರೆಯೇ ಎಂದು ಕೇಳಿದ್ದೀರಿ. ವಾರದ ಸಂತೆಗೆ ಹೋಗುವವಳು ನಾನೇ, ಹುಬ್ಬಳ್ಳಿಯಿಂದ ತಂತಿ ತರುವವಳೂ ನಾನೇ. ಫೋನ್ ಅಂಗಡಿಯದು, ಅಂಗಡಿಯಲ್ಲಿರುತ್ತದೆ. ನನ್ನದೂ ಒಂದಿದೆ, ನಂಬರ್ ನಾನು ಕೊಟ್ಟಿಲ್ಲ. ಸುತ್ತುವಾಗ ಯಾರೂ ಕರೆಯಬಾರದು, ಎಣಿಕೆ ತಪ್ಪುತ್ತದೆ. ಅತ್ತೆ ಗದರುತ್ತಾರೆ, ಎಣಿಕೆ ತಪ್ಪಿದಾಗ.

ಕಾರ್ಡಿನ ಮಾತು ನೆನಪಿರಲಿ.

ಶಾಕೀರಾ

●

ಹಿರೇಕೆರೂರು
೨೩ ಸೆಪ್ಟೆಂಬರ್ ೨೦೨೪

ಶಾಕೀರಾ, ಗೆದ್ದೆವು!

ನಾಲ್ಕು ತಾಲೂಕಿನಲ್ಲಿ ಮೊದಲ ಸ್ಥಾನ. ಗಂಡುಮಕ್ಕಳ ರೈಲು ಮಧ್ಯಾಹ್ನಕ್ಕೇ ಬಿಸಿಯಾಗಿ ನಿಂತಿತು. ನಮ್ಮದು ಸಂಜೆಯವರೆಗೆ ಸವಣೂರಿಂದ ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು ಮುಟ್ಟಿ ತಿರುಗಿ ಬರುತ್ತಲೇ ಇತ್ತು. ಗುಲಾಬಿ ರೈಲು ಅಂತ ನಕ್ಕವರೇ ಕೂಸುಗಳನ್ನು ಹೆಗಲ ಮೇಲೆ ಹೊತ್ತು ತೋರಿಸಿದರು. ಡಿಸೆಂಬರ್ ಹದಿನೈದಕ್ಕೆ ಹಾವೇರಿಯಲ್ಲಿ ಕೊನೆಯ ಸುತ್ತು.

ನಿಮ್ಮ ಕಾರ್ಡಿನ ಮುಂದೆ ಜನ ನಿಂತು ಕಣ್ಣೊರೆಸಿಕೊಂಡರು. ನಿಮಗೆ ಮನೆಯಲ್ಲಿ ತೊಂದರೆ ಆಗಬಾರದೆಂದು ಹೆಸರು ಮಾತ್ರ ಬಿಟ್ಟೆ. ಸುತ್ತು-ಗೇಜ್ ಜನಕ್ಕೆ ತಿಳಿಯುವುದಿಲ್ಲ, ಅದರ ಬದಲು ಮನಸ್ಸು ಮುಟ್ಟುವ ಹಾಗೆ ಬರೆದೆ. ಪತ್ರಕರ್ತರೊಬ್ಬರು ಯಾವ ಅಂಗಡಿ ಎಂದು ಕೇಳಿ ಬರೆದುಕೊಂಡರು. ಪತ್ರಿಕೆಯ ತುಣುಕು ಇದರೊಂದಿಗಿದೆ. ಓದಿ, ಸಂತೋಷಪಡಿ.

ನಿಮ್ಮ ತನುಜಾ

●

ಸವಣೂರು
೧ ಅಕ್ಟೋಬರ್ ೨೦೨೪

ತನುಜಾ ಅಕ್ಕೋರಿಗೆ,

ನಿಮ್ಮ ತುಣುಕು ಬರುವುದಕ್ಕೆ ಮೊದಲೇ ಪತ್ರಿಕೆ ಸವಣೂರಿಗೆ ಬಂದಿತ್ತು. ಇಲ್ಲಿಯೂ ಜನ ಓದುತ್ತಾರೆ, ಅಕ್ಕೋರ.

ನಿಮ್ಮ ಕಾರ್ಡನ್ನು ಅವರು ಇದ್ದಂತೆ ಅಚ್ಚು ಹಾಕಿದ್ದಾರೆ. "ಮನೆಯೆಂಬ ಪಂಜರದಲ್ಲಿ, ಪರದೆಯ ಕತ್ತಲಲ್ಲಿ ಬಂಧಿಯಾದ ಬಡ ಸಹೋದರಿಯೊಬ್ಬಳ ನೊಂದ ಬೆರಳುಗಳು ಈ ರೈಲಿಗೆ ಉಸಿರು ತುಂಬಿವೆ." ಅದರ ಕೆಳಗೆ: ಸವಣೂರಿನ ಖಲಂದರ ರಿವೈಂಡಿಂಗ್ ಅಂಗಡಿಯ ಗೃಹಿಣಿ.

ಯಾವ ಪಂಜರ? ನೀವು ನೋಡಿದ್ದೀರಾ? ನನ್ನ ಕೋಣೆಗೆ ಎರಡು ಕಿಟಕಿ. ಮೂವತ್ತೇಳು ಗೇಜಿನ ತಂತಿ ತಲೆಗೂದಲಿನ ಹಾಗಿರುತ್ತದೆ, ಕತ್ತಲಲ್ಲಿ ಅದನ್ನು ಸುತ್ತಿ ತೋರಿಸಿ ನೋಡೋಣ. ನೊಂದ ಬೆರಳು ಎಂದಿರಿ. ನನ್ನ ಬೆರಳು ನೊಂದಿಲ್ಲ, ಗಟ್ಟಿಯಾಗಿವೆ. ಬಡ ಎಂದಿರಿ. ನಾನು ನಿಮ್ಮ ಮನೆಗೆ ಸೆರಗೊಡ್ಡಿ ಬಂದಿದ್ದೆನೇ? ನಾನು ಕೇಳಿದ್ದು ಕಣ್ಣೀರಲ್ಲ, ಎಂಟು-ಹತ್ತು ಶಬ್ದ. ಹೆಸರು, ಊರು, ಸುತ್ತು, ಗೇಜ್. ಅಷ್ಟನ್ನೇ ಬಿಟ್ಟು ಮಿಕ್ಕಿದ್ದೆಲ್ಲ ಬರೆದಿರಿ.

ಸುತ್ತು-ಗೇಜ್ ಜನಕ್ಕೆ ತಿಳಿಯುವುದಿಲ್ಲವೇ? ಕಬ್ಬಿಗೆ ನೀರು ಬಿಡುವ ಪ್ರತಿಯೊಬ್ಬನಿಗೂ ತಿಳಿಯುತ್ತದೆ. ಅದು ಬರೆದಿದ್ದರೆ ನಾನು ಮಿಸ್ತ್ರಿ ಆಗುತ್ತಿದ್ದೆ. ನೀವು ಬರೆದದ್ದರಿಂದ ಅಯ್ಯೋ ಪಾಪ ಆದೆ.

ಇಲ್ಲಿ ಏನಾಯಿತು ಕೇಳಿ. ಹಿರೇಬೆಂಡಿಗೇರಿಯ ರುದ್ರೇಶ ಅಂತ, ನಮ್ಮ ಹಳೇ ಗಿರಾಕಿ. ಪತ್ರಿಕೆ ಹಿಡಿದುಕೊಂಡೇ ಬಂದ. "ಖಲಂದರ, ಇಷ್ಟ ದಿನ ನಾ ಹೆಂಗಸು ಸುತ್ತಿದ್ದ ಹಾಕೀನೇನು?" ಎಂದ. ನಮ್ಮವರು, "ಆರು ವರ್ಷಾತು, ಒಮ್ಮೆರ ಹೊಗಿ ಬಂದೈತೇನಪಾ?" ಎಂದರು. "ಬಂದಿಲ್ಲ ಖರೆ. ಆದ್ರ ಹೆಂಗಸು ಅಂದ್ರ ಹೆಂಗ? ಕೊಡು ನನ್ನ ಮೋಟರ್" ಎಂದು ಅರ್ಧ ಸುತ್ತಿದ್ದನ್ನು ಹಾಗೇ ಎತ್ತಿಕೊಂಡು ಹೋದ. ನಾನು ಬಾಗಿಲ ಈಚೆ ಕೂತು ಕೇಳುತ್ತಿದ್ದೆ. ದುಂಡಸಿಯಿಂದ ಬಂದಿದ್ದ ಎರಡು ಮೋಟರೂ ಹೋದವು. ಚಹಾದಂಗಡಿಯಲ್ಲಿ, "ಏನೋ ಖಲಂದರ, ನಿನ್ನ ಕೈ ಸೂಜಿ ಅಂತಿದ್ವಿ. ಸೂಜಿ ಮನ್ಯಾಗ ಇಟ್ಟು ಬಂದೀಯೇನು?" ಎಂದು ನಕ್ಕರಂತೆ. ನಮ್ಮವರು ಎರಡು ದಿನ ಅಂಗಡಿ ತೆರೆಯಲಿಲ್ಲ. ನನ್ನ ಹೆಸರು ಹೋಗಲಿ, ಅವರ ಹೆಸರೂ ಹೋಯಿತು.

ಇನ್ನೊಂದು. ಅದೇ ತುಣುಕಿನಲ್ಲಿ ಮೊದಲ ಸಾಲು ಓದಿದ್ದೀರೋ ಇಲ್ಲವೋ. "ಮುಖ್ಯೋಪಾಧ್ಯಾಯ ಪರಮೇಶಪ್ಪ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿಯರು ನಿರ್ಮಿಸಿದ ರೈಲು." ಹುಡುಗಾಟ ಎಂದವರು ಅವರೇ ಅಲ್ಲವೇ? ನಾನು ನಾಲ್ಕು ಸಲ ಓದಿದೆ. ತನುಜಾ ಎಂಬ ಹೆಸರು ಎಲ್ಲಿಯೂ ಇಲ್ಲ. ಫೋಟೋದಲ್ಲಿ ಶಾಲು ಹೊದ್ದು ನಿಂತವರು ಅವರು. ಹಿಂದೆ ಮೂಲೆಯಲ್ಲಿ ಸಿಹಿಯ ಡಬ್ಬಿ ಹಿಡಿದುಕೊಂಡು ಅರ್ಧ ಮುಖ ಕಾಣುತ್ತಿರುವವರು ನೀವೇ ತಾನೆ?

ನನ್ನ ಪರದೆಯ ಬಗ್ಗೆ ಇಡೀ ಜಿಲ್ಲೆಗೆ ಸಾರಿದಿರಿ. ನಿಮ್ಮ ಬಾಯಿಗೆ ನೀವೇ ಹಾಕಿಕೊಂಡ ಪರದೆ ಯಾವುದು, ಅದನ್ನೂ ಒಂದು ಕಾರ್ಡಿನಲ್ಲಿ ಬರೆಯಿರಿ.

ಡಬ್ಬಿ ಕಳಿಸಬೇಡಿ.

●

ಹಿರೇಕೆರೂರು
೨೦ ಅಕ್ಟೋಬರ್ ೨೦೨೪

ಶಾಕೀರಾ ಅವರಿಗೆ,

ನೀವು ನನ್ನನ್ನು ತಪ್ಪು ತಿಳಿದಿದ್ದೀರಿ. ನನ್ನ ಉದ್ದೇಶ ಕೆಟ್ಟದಿರಲಿಲ್ಲ. ಹೆಸರು ಬಿಟ್ಟದ್ದು ನಿಮ್ಮ ಹಿತಕ್ಕಾಗಿ. ಗಿರಾಕಿಗಳ ಮೂಢತನಕ್ಕೆ ನಾನು ಹೊಣೆಯೇ? ಇಪ್ಪತ್ತು ವರ್ಷ ಇಂಥವರ ವಿರುದ್ಧವೇ ಬಡಿದಾಡಿದ್ದೇನೆ. ಪರಮೇಶಪ್ಪನವರ ವಿಷಯ ಬೇರೆ, ಅದು ಶಾಲೆಯ ಒಳಗಿನದು. ಅದಕ್ಕೂ ಇದಕ್ಕೂ ಹೋಲಿಸಬೇಡಿ.

ತನುಜಾ

●

ಹಿರೇಕೆರೂರು
೨೪ ನವೆಂಬರ್ ೨೦೨೪

ಶಾಕೀರಾ,

ಅಕ್ಟೋಬರಿ‌ನ ಪತ್ರವನ್ನು ಅಜ್ಜಪ್ಪನವರು ಹಾಗೇ ವಾಪಸ್ ತಂದರು. "ತಗೊಳ್ಳಲಿಲ್ರಿ ಅಕ್ಕೋರ. ಬಾಗಿಲಾಗ ನಿಂತು, ಓದೂದು ಐತೇನ್ರಿ ಅದರಾಗ ಅಂತ ಕೇಳಿದ್ರು. ನನಗೇನ್ ಗೊತ್ತು ಅಂದೆ" ಎಂದರು. ನಾನೇ ಒಡೆದು ಓದಿದೆ. ಓದುವುದು ಏನೂ ಇರಲಿಲ್ಲ. ಅದನ್ನೂ ಇದರೊಳಗೆ ಇಟ್ಟಿದ್ದೇನೆ, ನಾನು ಎಂಥ ಮಾತು ಬರೆಯಬಲ್ಲೆ ಎಂದು ನಿಮಗೆ ಗೊತ್ತಿರಲಿ.

ಈಗ ನಡೆದದ್ದು ಹೇಳುತ್ತೇನೆ. ಶಿಗ್ಗಾಂವಿಯಲ್ಲಿ ವೇದಿಕೆಗೆ ಕರೆದಾಗ ನಾನು ಎದ್ದಿದ್ದೆ. ಪರಮೇಶಪ್ಪನವರು ನನ್ನ ಕೈಗೆ ಸಿಹಿಯ ಡಬ್ಬಿ ಕೊಟ್ಟು "ಹಿಡೀರಿ ಟೀಚರ, ಬರ್ತೇನಿ" ಎಂದು ತಾವೇ ಹತ್ತಿದರು. ನಾನು ಹಿಡಿದುಕೊಂಡು ನಿಂತೆ. ಸಂತೆಯಲ್ಲಿ ಪೊಲೀಸರ ಎದುರು ತಮಟೆ ಬಿಡದವಳು ಒಂದು ಪೇಡೆಯ ಡಬ್ಬಿ ಹಿಡಿದುಕೊಂಡು ಚಪ್ಪಾಳೆ ತಟ್ಟಲು ಕೈ ಬಿಡುವಿಲ್ಲದೆ ನಿಂತಿದ್ದೆ. ಇದನ್ನು ನಿಮಗೆ ಬರೆಯಲಿಲ್ಲ. ನಿಮ್ಮ ಕಥೆ ಬರೆಯುವುದು ಸುಲಭವಿತ್ತು.

ನವೆಂಬರಿನ ಶಿಕ್ಷಕರ ಸಭೆಯಲ್ಲಿ ಎದ್ದು ಕೇಳಿದೆ.

"ಹೆಸರಿನ್ಯಾಗ ಏನೈತ್ರಿ ಟೀಚರ? ಸಾಲಿ ಹೆಸರು ಬಂತಿಲ್ಲೋ?" ಎಂದರು.

"ಹಂಗಾರ ನಿಮ್ಮದ ಯಾಕ ಬಂತ್ರಿ ಸರ?" ಎಂದೆ.

ಮರುದಿನ ಹಾವೇರಿಯ ತಂಡದಿಂದ ನನ್ನನ್ನು ತೆಗೆದು ದೈಹಿಕ ಶಿಕ್ಷಕರನ್ನು ಹಾಕಿದರು. ಕಾರಣ ಕೇಳಿ ನೋಟಿಸ್ ಕೊಡುತ್ತೇನೆಂದರು. ಕೊಡಿ, ಉತ್ತರ ಬರೆಯಲು ನನಗೆ ಬರುತ್ತದೆ ಎಂದೆ. ಅದು ಇಷ್ಟರಲ್ಲೇ ನಿಲ್ಲುತ್ತಿತ್ತೇನೋ. ಹುಡುಗಿಯರು ನಿಲ್ಲಿಸಲಿಲ್ಲ.

ಊಟದ ಬಿಡುವಿನಲ್ಲಿ ರಂಜನಾ ಮತ್ತು ಅವಳ ಆರು ಮಂದಿ ಗೆಳತಿಯರು ಪ್ರಯೋಗಾಲಯದ ನೆಲದ ಮೇಲೆ ಕುಳಿತು ರೈಲನ್ನು ಇಟ್ಟಿಗೆ ಇಟ್ಟಿಗೆಯಾಗಿ ಬಿಚ್ಚಿದರು. ಬಿಚ್ಚಿ ಸುಮ್ಮನಾಗಲಿಲ್ಲ. ಪೆಟ್ಟಿಗೆಯ ಜತೆ ಬಂದಿದ್ದ ಪುಸ್ತಕ ತೆರೆದಿಟ್ಟುಕೊಂಡು, ಅದರಲ್ಲಿ ಹೇಳಿದ ಹಾಗೇ, ಒಲೆ ಒಲೆಯ ಜಾಗದಲ್ಲಿ, ಬೇಲಿ ಬೇಲಿಯ ಜಾಗದಲ್ಲಿ, ಅಡುಗೆಮನೆ, ಹೂದೋಟ, ಕೂಸಿನ ಗಾಡಿ ಕಟ್ಟಿದರು. ಒಂದು ಹಲಗೆಯ ಮೇಲಿಟ್ಟು ಏಳೂ ಮಂದಿ ಹೊತ್ತು ತಂದು ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟರು.

"ಏನ ಇದು?" ಎಂದು ಕೇಳಿದರು.

"ಇದನ್ನ ಹಾವೇರಿಗೆ ಒಯ್ರಿ ಸರ. ಮಾರ್ಗದರ್ಶನದಾಗ ಇದ್ದಂಗ ಐತಿ" ಎಂದಳು ರಂಜನಾ. "ರೈಲು ಮಾತ್ರ ಅಕ್ಕೋರದು, ನಮ್ಮದು, ಮೋಟರ್ ಸುತ್ತಿದವರದು."

ಇದನ್ನು ನಾನು ಹೇಳಿಕೊಟ್ಟಿಲ್ಲ, ಶಾಕೀರಾ. ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ದೈಹಿಕ ಶಿಕ್ಷಕರು ರೈಲು ಮತ್ತೆ ಕಟ್ಟಲು ನಾಲ್ಕು ದಿನ ಒದ್ದಾಡಿದರು. ಪುಸ್ತಕದಲ್ಲಿ ರೈಲಿನ ಚಿತ್ರ ಇಲ್ಲವಲ್ಲ, ಇಟ್ಟಿಗೆಯ ರಾಶಿ ಎದುರಿಟ್ಟುಕೊಂಡು ಎಂಜಿನ್ನಿಗೆ ಬದಲು ಕಪಾಟು ಕಟ್ಟಿದರು. ಅಷ್ಟರಲ್ಲಿ ಸಂಸ್ಥೆಯವರು ಗುಲಾಬಿ ರೈಲಿನ ಚಿತ್ರ ಹಾಕಿ ಹಾವೇರಿಯ ತುಂಬ ಪೋಸ್ಟರ್ ಅಂಟಿಸಿದ್ದಾರೆ, ರೈಲು ಬರಲೇಬೇಕು ಎಂದು ಫೋನ್ ಬಂತು. ಪರಮೇಶಪ್ಪನವರು ನನ್ನನ್ನು ಕರೆಸಿ, ಮುಖ ನೋಡದೆ, "ಏನ್ ಬೇಕ್ರಿ ನಿಮಗ?" ಎಂದರು. ಕಟ್ಟಿದ ಏಳು ಹುಡುಗಿಯರ ಹೆಸರು, ನನ್ನ ಹೆಸರು, ಮೋಟರ್ ಸುತ್ತಿದವರ ಹೆಸರು, ಅವರು ಹೇಳಿದ ಮಾತಿನಲ್ಲೇ, ಎಂದೆ. ಒಪ್ಪಿದರು. ಬಾಯಲ್ಲಿ ಬೇಡ ಎಂದು ಕಾಗದದ ಮೇಲೆ ಬರೆಸಿಕೊಂಡೆ.

ಆ ಪತ್ರಿಕೆಗೂ ಬರೆದೆ. ನಾನು ಹೇಳಿದ್ದು ಸುಳ್ಳು, ಪಂಜರವೂ ಇಲ್ಲ, ಕತ್ತಲೆಯೂ ಇಲ್ಲ, ಮಿಸ್ತ್ರಿಯೊಬ್ಬರ ಕಸಬನ್ನು ನಾನು ಕರುಣೆಗೆ ಮಾರಿದೆ ಎಂದು. ಅವರು ಇನ್ನೂ ಹಾಕಿಲ್ಲ. ವಾರಕ್ಕೊಮ್ಮೆ ಕೇಳುತ್ತಿದ್ದೇನೆ. ಹಾಕಿದರೂ ನಿಮ್ಮ ಗಿರಾಕಿಗಳು ತಿರುಗಿ ಬರುತ್ತಾರೆಂದು ನಾನು ಹೇಳಲಾರೆ.

ರೈಲನ್ನು ಮತ್ತೆ ಕಟ್ಟಿದ್ದೇವೆ. ಎರಡೂ ಮೋಟರ್ ತೆಗೆದು ಈ ಡಬ್ಬಿಯಲ್ಲಿಟ್ಟಿದ್ದೇನೆ. ಅವು ನಿಮ್ಮವು. ನೀವು ಕಳಿಸಿದರೆ ರೈಲು ಹಾವೇರಿಯಲ್ಲಿ ಓಡುತ್ತದೆ. ಕಳಿಸದಿದ್ದರೆ ನಿಂತ ರೈಲನ್ನೇ ಇಡುತ್ತೇವೆ. ಯಾಕೆ ನಿಂತಿದೆ ಎಂದು ಕೇಳಿದವರಿಗೆ ಯಾಕೆಂದು ನಾನೇ ಹೇಳುತ್ತೇನೆ. ಹುಡುಗಿಯರೂ ಇದಕ್ಕೆ ಒಪ್ಪಿದ್ದಾರೆ. ಕಳಿಸಿ ಎಂದು ನಾನು ಕೇಳುತ್ತಿಲ್ಲ.

ತನುಜಾ

●

ಸವಣೂರು
೪ ಡಿಸೆಂಬರ್ ೨೦೨೪

ತನುಜಾ ಅಕ್ಕೋರಿಗೆ ಸಲಾಂ.

ಈ ಸಲ ನಾನು ಮನೆಯಲ್ಲಿರಲಿಲ್ಲ, ಡಬ್ಬಿ ತೆಗೆದುಕೊಂಡವರು ಅತ್ತೆ. ಅವರಿಗೆ ಓದಲು ಬರುವುದಿಲ್ಲ. ನಮ್ಮವರ ಕೈಯಲ್ಲಿ ಓದಿಸಿ ಕೇಳಿದ್ದಾರೆ. ನಾನು ಬರುವಷ್ಟರಲ್ಲಿ ಇಬ್ಬರೂ ಅಡುಗೆಮನೆ ಕಟ್ಟಿದ ಕಥೆಯಲ್ಲಿದ್ದರು. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ನಮ್ಮವರು ನಗುತ್ತಿರಲಿಲ್ಲ.

ನಿಮ್ಮ ಅಕ್ಟೋಬರಿನ ಪತ್ರವನ್ನೂ ಓದಿದೆ. ಅದನ್ನು ಒಲೆಗೆ ಹಾಕಿದೆ. ಇದನ್ನು ಇಟ್ಟುಕೊಂಡಿದ್ದೇನೆ.

ಗಿರಾಕಿಗಳು ಬಂದಿಲ್ಲ. ದಿನಕ್ಕೆ ನಾಲ್ಕು ಮೋಟರ್ ಬರುತ್ತಿದ್ದಲ್ಲಿ ಒಂದು ಬಂದರೆ ಹೆಚ್ಚು. ಬಂದವರೂ ನಮ್ಮವರಿಗೆ, "ನೀನ ಸುತ್ತತಿ ಹೌದಿಲ್ಲೋ?" ಎಂದು ಕೇಳುತ್ತಾರೆ. ಅವರು "ಹ್ಞೂಂ" ಎನ್ನುತ್ತಾರೆ. ನಾನು ಈಚೆ ಕೂತು ಸುತ್ತುತ್ತಿರುತ್ತೇನೆ. ಮೊನ್ನೆ ಆ ಹ್ಞೂಂ ಕೇಳಿದಾಗ ನೂರಾ ಎರಡೋ ನೂರಾ ಮೂರೋ ಮರೆತು ಹೋಯಿತು. ನಮ್ಮವರ ಮಾತಿಗೆ ಎಣಿಕೆ ತಪ್ಪಿದ್ದು ಹನ್ನೊಂದು ವರ್ಷದಲ್ಲಿ ಮೊದಲ ಸಲ. ಎಲ್ಲ ಬಿಚ್ಚಿ ಮತ್ತೆ ಶುರು ಮಾಡಿದೆ. ಆಗಲೇ ತೀರ್ಮಾನ ಮಾಡಿದ್ದು.

ಮೋಟರ್ ಕಳಿಸುವುದಿಲ್ಲ. ನಾನೇ ತರುತ್ತೇನೆ. ಒಂದನ್ನು ರೈಲಿಗೆ ಹಾಕಿ. ಇನ್ನೊಂದರ ತಂತಿಯನ್ನೆಲ್ಲ ಬಿಚ್ಚಿದ್ದೇನೆ, ಈಗ ಬರಿ ಕಬ್ಬಿಣ. ಅದನ್ನು ಹಾವೇರಿಯಲ್ಲಿ, ರೈಲಿನ ಪಕ್ಕದಲ್ಲಿ ಮೇಜು ಹಾಕಿಕೊಂಡು, ಎಲ್ಲರ ಎದುರು ಸುತ್ತುತ್ತೇನೆ. ಬಾಯಿಬಿಟ್ಟು ಎಣಿಸುತ್ತೇನೆ. ಕೇಳುವವರು ಕೇಳಲಿ, ರುದ್ರೇಶ ಬಂದರೆ ಅವನೂ ಕೇಳಲಿ. ನನಗೆ ಕಾರ್ಡು ಬೇಡ. ಹೆಸರು ಬೇಕಾದವರು ನನ್ನನ್ನು ಕೇಳಲಿ, ಹೇಳುತ್ತೇನೆ.

ನಮ್ಮವರಿಗೆ ಹೇಳಿದೆ, ಅಪ್ಪಣೆ ಕೇಳಲಿಲ್ಲ. "ಇದ್ದ ಒಂದೂ ಗಿರಾಕಿ ಹೋಗ್ತಾರ" ಎಂದರು. "ಹೋಗಲಿ. ಹೋದ ಮ್ಯಾಲ ಬರೋರು ನನ್ನ ಹೆಸರು ಹಿಡಿದು ಬರ್ತಾರ" ಎಂದೆ. "ಬರದಿದ್ರ?" ಎಂದರು. ಉತ್ತರ ಅತ್ತೆ ಕೊಟ್ಟರು: "ಬರದಿದ್ರ ನೀ ಕುಂತು ಸುತ್ತು. ಹ್ಞೂಂ ಅಂದೀಯಲ್ಲ, ಕಲಿ." ನಮ್ಮವರು ಎದ್ದು ಹೊರಗೆ ಹೋದರು. ಅವತ್ತಿನಿಂದ ಮಾತು ಕಡಿಮೆ. ಹದಿನೈದಕ್ಕೆ ಅವರು ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಅತ್ತೆ ಬರುತ್ತಾರೆ, ಅವರಿಗೊಂದು ಕುರ್ಚಿ ಇಡಿಸಿ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ವೇದಿಕೆಗೆ ಕರೆದರೆ ನಿಮ್ಮ ಹೆಸರನ್ನು ನಾನು ಹೇಳುವುದಿಲ್ಲ. ನೀವೇ ಹೇಳಬೇಕು, ಮೈಕ್ ಹಿಡಿದು, ಪರಮೇಶಪ್ಪನವರು ಪಕ್ಕದಲ್ಲಿ ನಿಂತಿರುವಾಗ.

ಮೇಜು ಅಲುಗಾಡಬಾರದು. ಬೆಳಕು ಎಡಗಡೆಯಿಂದ ಬರಲಿ. ಮೂರು ಹಲ್ಲಿಗೆ ನಾನೂರಾ ಇಪ್ಪತ್ತು ಸುತ್ತು, ಅರ್ಧ ತಾಸು ಹಿಡಿಯುತ್ತದೆ. ಆ ಅರ್ಧ ತಾಸು ಫೋಟೋದವರಾಗಲಿ, ದಾನಿಗಳಾಗಲಿ, ಅಯ್ಯೋ ಪಾಪ ಅನ್ನುವವರಾಗಲಿ ಯಾರೂ ನನ್ನ ಹತ್ತಿರ ಬಂದು ಮಾತಾಡಬಾರದು. ಅವರನ್ನು ತಡೆದು ನಿಲ್ಲಿಸುವ ಕೆಲಸ ನಿಮ್ಮದು.

ಶಾಕೀರಾ
ಮೋಟರ್ ಸುತ್ತುವ ಮಿಸ್ತ್ರಿ, ಸವಣೂರು